ಕೌದಿಯ ಕೆಂಪು ತುಂಡು

ಮಗಳಿಗೆ ಪಾಠ ಹೇಳಿ ಹೇಳಿ ಸೋತ ನೀಲವ್ವ, ಹನ್ನೊಂದು ವರ್ಷದ ಮೇಲೆ ತನ್ನ ಗುರುಗಳ ಮಠಕ್ಕೆ ಬಂದಳು.

ಮಠ ಹೊಳೆಯ ದಂಡೆಗೇ ಇತ್ತು. ಅವಳ ಅಪ್ಪ ಅಲ್ಲಿ ಅಡುಗೆಯವನಾಗಿದ್ದ. ಮಠದ ಹುಡುಗರ ಜೊತೆ ಕೂತು ಅವಳೂ ಎಂಟು ವರ್ಷ ಕಲಿತಿದ್ದಳು. ಅಲ್ಲಿಯ ಗುರುಗಳನ್ನು ಸುತ್ತ ಹತ್ತು ಹಳ್ಳಿಯವರು ಅಜ್ಜಾರು ಅಂತಲೇ ಕರೆಯುವುದು. ಹೆಸರು ಯಾರಿಗೂ ಬೇಕಾಗಿರಲಿಲ್ಲ.

ಮೆಟ್ಟಿಲ ಮೇಲೆ ನಿಂತು ನೀಲವ್ವ ಆಚೆ ದಂಡೆಯನ್ನೊಮ್ಮೆ ನೋಡಿದಳು. ಒಂದು ಚಪ್ಪಟೆ ಕಲ್ಲು ಬಿಟ್ಟರೆ ಏನೂ ಇರಲಿಲ್ಲ.

“ಅಲ್ಲಿ ಏನೈತವ್ವಾ?” ಅಂದಳು ಮಗಳು ಮುಕ್ತಾ. ಅವಳಿಗೆ ಒಂಬತ್ತು ವರ್ಷ. ಕೇಳದೆ ಬಿಡುವ ಜಾತಿಯಲ್ಲ.

“ಈಗ ಏನಿಲ್ಲ. ನಾ ಸಣ್ಣಾಕಿ ಇದ್ದಾಗ ವರ್ಷಕ್ಕೊಮ್ಮೆ ಒಬ್ಬಾಕಿ ಮುದುಕಿ ಬಂದು ಆ ಕಲ್ಲಿನ ಮ್ಯಾಲೆ ಕೂಡತಿದ್ಲು. ಕೆಂಪು ಸೀರಿ ಉಟ್ಕೊಂಡು. ನಾವು ಕೆಂಪಜ್ಜಿ ಅಂತಿದ್ವಿ. ಕೈ ಬೀಸಿದ್ರ ತಾನೂ ಬೀಸತಿದ್ಲು.”

“ಯಾರಾಕಿ?”

“ಯಾರೋ ಏನೋ. ನಡಿ, ಬಿಸಲಾತು.”

ಅಜ್ಜಾರು ಪಡಸಾಲೆಯಲ್ಲಿ ತಮ್ಮ ಹಳೇ ಕೌದಿಯ ಮೇಲೆ ಕೂತು ಮೊರದಲ್ಲಿ ಹೆಸರುಕಾಳು ಆರಿಸುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಕೌದಿ ಅಂದರೆ ಗೊತ್ತಲ್ಲ, ಹರಿದ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರ ಕೂಡಿಸಿ ಕೈಯಿಂದ ಹೊಲಿದ ಹೊದಿಕೆ. ನಮ್ಮ ಕಡೆ ಕೌದಿ ಇಲ್ಲದ ಮನೆಯೇ ಇಲ್ಲ.

“ಯಾರು, ನೀಲವ್ವ ಏನು?”

“ಹೌದ್ರಿ ಅಜ್ಜಾರ.” ನೀಲವ್ವ ಕಾಲಿಗೆ ಬಿದ್ದಳು.

“ಕುಂದರು. ಮಾರಿ ಯಾಕ ಸಣ್ಣದು ಮಾಡಿ? ಏನಾತು?”

“ಈಕಿಗೆ ಇತಿಹಾಸ ತಲ್ಯಾಗ ಹೋಗವಲ್ದುರಿ,” ಅಂದಳು ನೀಲವ್ವ. ಅಷ್ಟು ಹೇಳುವುದರೊಳಗೆ ಕಣ್ಣು ತುಂಬಿದವು.

ಆಮೇಲೆ ಒಂದೊಂದೇ ಹೇಳಿದಳು. ಗಂಡ ಫಕೀರಪ್ಪ ಕಾಲುವೆಯ ಗೇಟು ಕಾಯುವವನು. ಅಡವಿಯ ನಡುವೆ ನಾಲ್ಕೇ ನಾಲ್ಕು ಕ್ವಾರ್ಟರ್ಸು. ಸಾಲೆ ಒಂಬತ್ತು ಮೈಲು. ಹಾಗಾಗಿ ಮಗಳಿಗೆ ಮನೆಯಲ್ಲೇ ತಾನೇ ಕಲಿಸುತ್ತಿದ್ದಳು. ಲೆಕ್ಕ ಬಂತು, ಕನ್ನಡ ಬಂತು, ಹಾಡು ಬಂತು. ಇತಿಹಾಸದ ಪುಸ್ತಕ ತೆಗೆದರೆ ಮಾತ್ರ ಹುಡುಗಿ ಎದ್ದು ಓಡುತ್ತಿದ್ದಳು.

“ನೀವು ನನಗ ಹ್ಯಾಂಗ ಕಲಿಸಿದ್ರಿ, ನಾನೂ ಹಂಗ ಕಲಿಸಿದೆರಿ.”

ಅಂದರೆ ಹೇಗೆ? ಮಠದಲ್ಲಿ ಹುಡುಗರು ಬೆಳಗಾಗುತ್ತಲೇ ಹೊಳೆಗಿಳಿದು, ಮೊಣಕಾಲು ಮಟ ನೀರಲ್ಲಿ ನಿಂತು ರಾಜರ ಪಟ್ಟಿ ಒಪ್ಪಿಸಬೇಕಿತ್ತು. ತಪ್ಪಿದರೆ ಇನ್ನೊಂದು ಹೆಜ್ಜೆ ಆಳಕ್ಕೆ. ನೀಲವ್ವ ಮಗಳನ್ನು ಮಾಗಿಯ ಚಳಿಯಲ್ಲಿ ಕಾಲುವೆಗೆ ಇಳಿಸಿದಳು. ಕಲಿತವರ ಹಟ ಅಂದರೆ ಹಟ! ಹುಡುಗಿಗೆ ನಾಲ್ಕು ದಿನ ಜ್ವರ ಬಂತು. ಪಟ್ಟಿ ಬರಲಿಲ್ಲ.

“ಜ್ವರ ಬಿಟ್ಟ ಮ್ಯಾಲೆ ಏನಂದ್ಲು ಗೊತ್ತೇನ್ರಿ? ‘ಅವ್ವಾ, ಅವರೆಲ್ಲಾ ಸತ್ತು ಹೋಗ್ಯಾರ. ಅವರಿಗೆ ನಾ ಗೊತ್ತಿಲ್ಲ, ನನಗ ಅವರು ಗೊತ್ತಿಲ್ಲ. ಸುಮ್ನ ಯಾಕ ಇಬ್ಬರಿಗೂ ತ್ರಾಸು?’ ಅಂದ್ಲುರಿ.”

ಅಜ್ಜಾರು ನಕ್ಕುಬಿಟ್ಟರು. ನೀಲವ್ವನಿಗೆ ನಗು ಬರಲಿಲ್ಲ.

“ನಗಬ್ಯಾಡ್ರಿ. ಇವರಪ್ಪ ಪ್ಯಾಟಿ ಹಾಸ್ಟೆಲ್ಲಿನ ಫಾರಂ ತಂದು ಇಟ್ಟಾರ. ಜೂನ್‌ನಾಗ ಸಾಲಿ ಸುರು ಆದ ಕೂಡ್ಲೆ ಕಳಸ್ತೀನಿ ಅಂತಾರ. ಇರಾಕಿ ಒಬ್ಬಾಕಿ ಮಗಳು. ಮನಿ ಬಿಟ್ಟು ಹೋದ್ರ ನಾ ಹ್ಯಾಂಗ ಇರ್ಲಿ ಅಜ್ಜಾರ?”

ಅಜ್ಜಾರು ಮೊರ ಕೆಳಗಿಟ್ಟರು. “ಆ ಪಟ್ಟಿ ನಿನಗ ಇನ್ನೂ ಬರತೈತೇನು? ಹೇಳು.”

ಬರದೆ ಏನು! ನೀಲವ್ವ ಬೆನ್ನು ನೆಟ್ಟಗೆ ಮಾಡಿ ಕೂತಳು. ಕದಂಬರಿಂದ ಹಿಡಿದು ಗಂಗರು, ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು, ವಿಜಯನಗರದವರು ಅಂತ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

“ಭೇಷ್. ಈಗ ಇವರೊಳಗ ಒಬ್ಬರು ಹಸಗೊಂಡು ನಿನ್ನ ಬಾಗಲಕ್ಕ ಬಂದ್ರು ಅನ್ನು. ಯಾರಿಗೆ ಪ್ರೀತಿಲೆ ಒಂದು ರೊಟ್ಟಿ ಹಾಕ್ತಿ?”

ನೀಲವ್ವ ಪಟ್ಟಿಯನ್ನು ಬೆರಳ ಮೇಲೆ ಮತ್ತೊಮ್ಮೆ ಎಣಿಸಿದಳು. ಅಷ್ಟು ಹೆಸರಿನಲ್ಲಿ ಅವಳಿಗೆ ಪರಿಚಯದವರು ಒಬ್ಬರೂ ಇರಲಿಲ್ಲ.

ಇತ್ತ ಮುಕ್ತಾ ಸುಮ್ಮನೆ ಕೂತಿರಲಿಲ್ಲ. ಕೌದಿಯ ಅಂಚಿಗೆ ಸರಿದು, ಒಂದೊಂದೇ ತುಂಡಿನ ಮೇಲೆ ಬೆರಳಾಡಿಸುತ್ತಿದ್ದಳು. ಎಲ್ಲ ತುಂಡೂ ಮಾಸಿ ಮಣ್ಣುಬಣ್ಣಕ್ಕೆ ಬಂದಿದ್ದವು. ನಡುವಿನ ಒಂದರಲ್ಲಿ ಮಾತ್ರ ಇನ್ನೂ ಕೆಂಪು ಉಳಿದಿತ್ತು.

“ಅಜ್ಜಾ, ಇದು ಯಾರ ಸೀರಿ?”

ನೀಲವ್ವ ಮಗಳ ಕೈ ಹಿಡಿದು ಜಗ್ಗಿದಳು. “ಏ ಹುಚ್ಚಿ! ಅಜ್ಜಾರ ಅನ್ನಬೇಕು. ಹಂಗೆಲ್ಲ ಕೇಳಬಾರ್ದು.”

“ಯಾಕ ಕೇಳಬಾರ್ದು?”

ಅಜ್ಜಾರು ಎದ್ದು, ಮೆಟ್ಟಿಲಿಳಿದು, ಹೊಳೆಗೆ ಹೋದರು. ಮೊಣಕಾಲು ಮಟ ನೀರಲ್ಲಿ ಆಚೆ ದಂಡೆಗೆ ಮುಖ ಮಾಡಿ ಬಹಳ ಹೊತ್ತು ನಿಂತರು.

“ನೋಡಿದ್ಯಾ, ಅಜ್ಜಾರಿಗೆ ಬ್ಯಾಸರ ಮಾಡಿಬಿಟ್ಟಿ,” ಅಂತ ನೀಲವ್ವ ಮಗಳ ಕಿವಿ ಹಿಂಡಿದಳು.

ಅಜ್ಜಾರು ಒದ್ದೆ ಕಾಲಲ್ಲಿ ತಿರುಗಿ ಬಂದರು.

“ನೀಲವ್ವ, ಎಂಟು ವರ್ಷ ಈ ಕೌದಿ ಒಗದಾಕಿ ನೀನು. ಒಮ್ಮೆರ ಇದನ್ನ ಕೇಳಿದ್ಯಾ?”

“ಇಲ್ರಿ. ಸ್ವಾಮಿಗಳಾದವರ ಹಿಂದಿನ ಬದುಕು, ಊರು, ಹಡದವರು, ಯಾವದೂ ಕೇಳಬಾರ್ದು ಅಂತ ಕಟ್ಟಳೆ ಐತೆಲ್ರಿ.”

“ಯಾರು ಹೇಳಿದ್ರು ಕಟ್ಟಳೆ?”

“ನೀವ ಹೇಳಿದ್ರಿ.”

“ಹೌದು,” ಅಂದರು ಅಜ್ಜಾರು. “ನಾನ ಹೇಳಿದೆ.”

ಆಮೇಲೆ ನೀಲವ್ವನ ಕೈಚೀಲದಿಂದ ಇತಿಹಾಸದ ಪುಸ್ತಕ ತೆಗೆದುಕೊಂಡು ತಮ್ಮ ತೊಡೆಯ ಕೆಳಗೆ ಇಟ್ಟುಕೊಂಡರು. ಕೌದಿಯ ಅಂಚಿಗೆ ಚುಚ್ಚಿಟ್ಟಿದ್ದ ದಪ್ಪ ಸೂಜಿಯೊಂದನ್ನು ಕಿತ್ತು ಅವಳ ಅಂಗೈಯಲ್ಲಿಟ್ಟರು.

“ಮನಿಗೆ ಹೋಗಿ ಈ ಹುಡುಗಿ ಕಡಿಂದ ಒಂದು ಕೌದಿ ಹೊಲಸು. ಒಂದೊಂದು ತುಂಡೂ ಬ್ಯಾರೆ ಬ್ಯಾರೆಯವರ ಕಡಿಂದ ಬೇಡಿ ತರಬೇಕು. ಯಾರದು, ಯಾವಾಗಿಂದು, ಏನು ಕತಿ ಅಂತ ಗೊತ್ತಾಗಲಾರ್ದ ಒಂದು ತುಂಡನ್ನೂ ಹೊಲಿಯೂ ಹಂಗಿಲ್ಲ.”

“ಆತ್ರಿ. ಇತಿಹಾಸ ಯಾವಾಗ ಹೇಳಿಕೊಡ್ಲಿ?”

“ನೀ ಏನೂ ಹೇಳಿಕೊಡಬ್ಯಾಡ. ಸೂಜಿಗೆ ದಾರ ಪೋಣಿಸಿ ಕೊಡು.”

“ಆಕಿ ತಪ್ಪು ತಿಳಕೊಂಡ್ರ?”

“ದಾರ ಪೋಣಿಸಿ ಕೊಡು.”

“ನನಗ ಗೊತ್ತಿದ್ದದ್ದನ್ನ ಕೇಳಿದ್ರ?”

“ದಾರ,” ಅಂದರು ಅಜ್ಜಾರು, ಮತ್ತೆ ಮೊರ ತೆಗೆದುಕೊಂಡು.

*

ಫಕೀರಪ್ಪ ಸೂಜಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

“ಪುಸ್ತಕ ಇಟಗೊಂಡು ಸೂಜಿ ಕೊಟ್ಟು ಕಳಿಸ್ಯಾರಾ? ನೀವೇನು ದರ್ಜಿ ಕೆಲಸ ಕಲಿಯಾಕ ಹೋಗಿದ್ರ್ಯಾ?”

ಅವನೇನು ಕೆಟ್ಟವನಲ್ಲ. ಮಗಳು ತನ್ನ ಹಾಗೆ ಗೇಟಿನ ಚಾವಿ ಹಿಡಿದು ಜೀವನ ಕಳೆಯಬಾರದು ಅಂತ ಅವನ ಸಂಕಟ.

“ಆತು, ಅಜ್ಜಾರ ಮಾತಿಗೆ ನಾ ಅಡ್ಡ ಬರೂದಿಲ್ಲ. ಸಾಲಿ ಸುರು ಆಗೂದ್ರೊಳಗ ಕೌದಿ ಮುಗೀಬೇಕು. ಮುಗಿಸಿ ಆಕಿ ನನಗ ಇತಿಹಾಸ ಹೇಳಬೇಕು. ಇಲ್ಲಂದ್ರ ಹಾಸ್ಟೆಲ್ಲು. ಇದು ನನ್ನ ಮಾತು.”

“ಕೌದಿ ಮುಗದ್ರ ನಾ ಇಲ್ಲೇ ಇರ್ತೀನಿ?” ಅಂದಳು ಮುಕ್ತಾ.

“ಇರ್ತಿ.”

ಮುಕ್ತಾ ಮೊದಲು ಹೋದದ್ದು ಅಜ್ಜಿಯ ಹತ್ತಿರ. ಫಕೀರಪ್ಪನ ತಾಯಿ ಅವಳು. ಮೊಮ್ಮಗಳು ಆಯಿ ಅಂತ ಕರೆಯುತ್ತಿದ್ದಳು. ಆಯಿ ಟ್ರಂಕಿನ ತಳದಿಂದ ಹಸಿರು ಸೀರೆಯ ಒಂದು ಸೆರಗು ತೆಗೆದಳು.

“ಇದು ಯಾವಾಗಿಂದು ಆಯಿ?”

“ಹೋಗ, ಅದೇನ್ ಕೇಳ್ತಿ. ಸುಮ್ನ ಹೊಲಕೊ.”

“ಹೇಳಲಿಲ್ಲಂದ್ರ ಹೊಲಿಯೂ ಹಂಗಿಲ್ಲ. ಅಜ್ಜಾರು ಹೇಳ್ಯಾರ.”

ಆಯಿ ಸೆರಗನ್ನು ತೊಡೆಯ ಮೇಲೆ ಹರವಿಕೊಂಡು ಸವರಿದಳು.

“ನಿಮ್ಮಪ್ಪ ದಿನಾ ಬಿಡ್ತಾನಲ್ಲ ನೀರು, ಅದು ಬರೂ ಡ್ಯಾಮಿನ ತಳದಾಗ ನಮ್ಮೂರೈತಿ.”

ಮುಕ್ತಾ ಕಣ್ಣು ಅಗಲಿಸಿದಳು.

“ನೀರು ಏರಾಕತ್ತಿತ್ತು. ಕಡೀ ದಿನ ಮನಿ ಕಸಾ ಹೊಡದು, ದೀಪ ಹಚ್ಚಿಟ್ಟು ಹೊಂಟ್ವಿ. ಹಿಂದ ತಿರುಗಿ ನೋಡಬ್ಯಾಡ್ರಿ ಅಂದ್ರು ಹಿರ್‍ಯಾರು. ನಾ ನೋಡಲಿಲ್ಲ. ನಿಮ್ಮಪ್ಪ ಎರಡು ವರ್ಷದಂವ, ನನ್ನ ಹೆಗಲ ಮ್ಯಾಲಿದ್ದ. ಬಿಸಲಂತ ಈ ಸೆರಗು ಹೊಚ್ಚಿದ್ದೆ. ಇಂವನ ಮಾರಿ ಹಿಂದಿತ್ತು ನೋಡು. ನಮ್ಮೂರನ್ನ ಕಡೀಕ ನೋಡಿದಾಂವ ಇವನ.”

ಬಾಗಿಲಲ್ಲಿ ಸದ್ದಾಯಿತು. ಫಕೀರಪ್ಪ ಗೇಟಿನ ಚಾವಿ ಹಿಡಿದು ನಿಂತಿದ್ದ. ಎಷ್ಟೋ ವರ್ಷದಿಂದ ಆ ನೀರನ್ನು ದಿನಾ ಬಿಡುತ್ತಿದ್ದವನು. ಊರು ಮುಳುಗಿದ್ದು ಗೊತ್ತಿತ್ತು. ತಾನು ನೋಡಿದ್ದು ಗೊತ್ತಿರಲಿಲ್ಲ.

“ನನಗ್ಯಾಕ ಹೇಳಲಿಲ್ಲವ್ವಾ ನೀನು?”

“ನೀ ಯಾವಾಗ ಕೇಳಿದಿ?”

ಆ ಡ್ಯಾಮು ಯಾವ ವರ್ಷ ಕಟ್ಟಿದ್ದು, ಎಷ್ಟು ಊರು ಹೋದವು, ನೀಲವ್ವನ ನಾಲಿಗೆಯ ತುದಿಗೇ ಬಂದಿತ್ತು. ನಾಲಿಗೆ ಕಚ್ಚಿಕೊಂಡು ಸೂಜಿಗೆ ದಾರ ಪೋಣಿಸಿದಳು.

ಮರುದಿನ ಬೆಳಗ್ಗೆ ಫಕೀರಪ್ಪ ತನ್ನ ಹಳೇ ಖಾಕಿ ಅಂಗಿಯ ಜೇಬು ಕತ್ತರಿಸಿ ಮಗಳ ಮುಂದಿಟ್ಟ. “ಇದನ್ನ ಆ ಹಸರಿನ ಬಾಜೂಕ ಹಚ್ಚು,” ಅಂದು, ಕತೆ ಕೇಳುವ ಮೊದಲೇ ಹೊರಟುಹೋದ. ಮುಕ್ತಾ ಗೇಟಿನವರೆಗೂ ಬೆನ್ನು ಹತ್ತಿ ಕೇಳಿಕೊಂಡೇ ಬಂದಳು.

ಕೊನೆಯ ಕ್ವಾರ್ಟರ್ಸಿನಲ್ಲಿ ಹುಸೇನಸಾಬ ಅಂತ ಇದ್ದ. ಗೇಟಿನ ಕೆಲಸದಿಂದ ನಿವೃತ್ತನಾದ ಮುದುಕ. ಅವನು ತನ್ನ ಅಪ್ಪನ ರುಮಾಲಿನ ಒಂದು ಚೂರು ಕೊಟ್ಟ. ಅಪ್ಪ ಅದನ್ನು ಸುತ್ತಿಕೊಂಡು ಬಸರಾ ಅನ್ನುವ ಊರಿನ ಲಡಾಯಿಗೆ ಹೋಗಿದ್ದನಂತೆ.

“ಬಸರಾ ಎಲ್ಲೈತಿ ಅವ್ವಾ?”

ನೀಲವ್ವ ದಾರ ಪೋಣಿಸಿದಳು.

ಹುಡುಗಿ ಕಾಲು ಅಪ್ಪಳಿಸುತ್ತ ಹೋದಳು. ಗೇಟಿನ ಬಳಿಯ ಎಂಜಿನಿಯರ್ ಸಾಹೇಬರ ಆಫೀಸಿನ ಗೋಡೆಗೆ ದೊಡ್ಡ ನಕಾಶೆ ಇತ್ತು. ಸ್ಟೂಲು ಹತ್ತಿ, ಹೊಲಿಗೆಯ ದಾರದಿಂದಲೇ ಅಳೆದು ಬಂದಳು.

“ನಮ್ಮ ಡ್ಯಾಮಿನಿಂದ ಬಸರಾಕ್ಕ ಒಂದು ಗೇಣು. ನಡುವ ಬರೇ ಸಮುದ್ರ!” ಅಂತ ಕೂಗುತ್ತ ಹುಸೇನಸಾಬನ ಕಟ್ಟೆಗೆ ಓಡಿದಳು. “ಮುತ್ಯಾ, ಅಷ್ಟು ದೂರದ ಮಂದಿ ಕೂಡ ನಿಮ್ಮಪ್ಪಗ ಏನು ಜಗಳ ಇತ್ತು?”

“ಏನೂ ಇರಲಿಲ್ಲ ಬೇಟಿ. ಒಂಟಿ ಹಿಂಡು ಕಾಯಾಕ ಹಚ್ಚಿದ್ರಂತ.”

“ಮತ್ಯಾಕ ಹೋದ?”

“ಬ್ರಿಟಿಷರು ಕಳಿಸಿದ್ರು.”

“ಅವರ್‍ಯಾಕ ಇಲ್ಲಿದ್ರು?”

“ನಮ್ಮನ್ನ ಆಳ್ತಿದ್ರು.”

“ಅವರಕಿಂತ ಮೊದಲ ಯಾರು ಆಳ್ತಿದ್ರು? ಅವರಕಿಂತ ಮೊದಲ?”

ಹುಸೇನಸಾಬ ಕೈ ಮುಗಿದ. “ಯಾ ಅಲ್ಲಾ! ನಿಮ್ಮವ್ವನ್ನ ಕೇಳು, ಓದಿದಾಕಿ.”

ಹೀಗೆ, ರಾಜರ ಹೆಸರು ಹೇಳಿದರೆ ಓಡಿಹೋಗುತ್ತಿದ್ದ ಹುಡುಗಿ ಓಡಿ ಬಂದು ತಾಯಿಯ ಸೀರೆ ಹಿಡಿದು ಜಗ್ಗಿದಳು. “ಅವ್ವಾ, ನಿನಗ ಗೊತ್ತೈತಿ! ಯಾಕ ಹೇಳವಲ್ಲಿ? ಹೇಳ!”

ನೀಲವ್ವನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಆದರೂ ಮಾತಾಡಲಿಲ್ಲ. ಟ್ರಂಕಿನಿಂದ ಮಠದ ಕಾಲದ ತನ್ನ ನೋಟುಬುಕ್ಕು ತೆಗೆದು ಮಣೆಯ ಮೇಲಿಟ್ಟು, ದಾರ ಹುಡುಕುವ ನೆವ ಮಾಡಿ ಹೊರಗೆ ಹೋದಳು. ಬಾಯಿ ಬಿಡಬೇಡ ಅಂದಿದ್ದರೇ ಹೊರತು ಟ್ರಂಕು ತೆಗೆಯಬೇಡ ಅಂದಿರಲಿಲ್ಲವಲ್ಲ!

ಮುಕ್ತಾ ಆ ಪಟ್ಟಿಯನ್ನು ಹಿಂದುಮುಂದಾಗಿ ಓದಿದಳು. ಹುಸೇನಸಾಬನ ಅಪ್ಪನಿಂದ ಶುರು ಮಾಡಿ, ಬಾವಿಗೆ ಇಳಿದ ಹಾಗೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋದಳು.

ತಳದಲ್ಲಿ ಒಂದು ತೊಡಕು ಬಂತು. ಕೈಗೆ ಸಿಕ್ಕ ಬಟ್ಟೆಗಳಲ್ಲಿ ಎಲ್ಲಕ್ಕಿಂತ ಹಳೆಯದಕ್ಕೆ ನೂರು ವರ್ಷ.

“ಅದಕ್ಕೂ ಹಿಂದಿನವರ ಅರಿವಿ ಎಲ್ಲಿ ಸಿಗತಾವ ಆಯಿ?”

“ಅರಿವಿ ಮಣ್ಣಾದವು. ಕಲ್ಲು ಉಳದಾವ.”

ಕಾಲುವೆಯ ಪಾವಟಿಗೆಯಲ್ಲಿ ಹೆಂಗಸರು ಬಟ್ಟೆ ಒಗೆಯುವ ಒಂದು ಕಲ್ಲಿತ್ತು. ಅದರ ಮೇಲೆ ಏನೋ ಕೆತ್ತಿದ್ದು ಮುಕ್ತಾಗೆ ನೆನಪಾಯಿತು. ಅಪ್ಪನ ಹಳೇ ಧೋತರದ ತುಂಡನ್ನು ಅದರ ಮೇಲೆ ಹಾಸಿ ಇದ್ದಿಲಿನಿಂದ ತಿಕ್ಕಿದಳು. ತಿಕ್ಕುತ್ತ ತಿಕ್ಕುತ್ತ ಬಟ್ಟೆಯ ಮೇಲೆ ಒಬ್ಬ ಮನುಷ್ಯ ಎದ್ದು ಬಂದ. ಕೈಯಲ್ಲಿ ಬಿಲ್ಲು, ಹಿಂದೆ ನಾಲ್ಕು ದನ.

“ಊರ ದನ ಬಿಡಿಸ್ಕೊಂಡು ಬರಾಕ ಹೋಗಿ ಸತ್ತಾಂವ,” ಅಂದಳು ಆಯಿ.

“ಹೆಸರೇನು?”

“ಯಾರಿಗ್ಗೊತ್ತು ಮಗಳ?”

ಮುಕ್ತಾ ಬಹಳ ಹೊತ್ತು ಆ ಬಟ್ಟೆ ನೋಡಿದಳು. “ನಾವು ದಿನಾ ಇವನ ಎದಿ ಮ್ಯಾಲೆ ಅರಿವಿ ಬಡಿಯಾಕತ್ತೀವಿ,” ಅಂದಳು.

ಮರುದಿನ ನೀಲವ್ವ ಯಾರೂ ಹೇಳದೆ ಬೇರೆ ಕಲ್ಲಿಗೆ ಹೋದಳು. ಮುಕ್ತಾ ಅವತ್ತಿನಿಂದ ಹಾಲಿನ ಲೋಟ ಎತ್ತುವ ಮೊದಲು “ದನದಾಂವಗ ಶರಣು” ಅನ್ನತೊಡಗಿದಳು. ಫಕೀರಪ್ಪ ಮೊದಲು ನಕ್ಕ. ಎರಡು ದಿನದ ಮೇಲೆ ಚಹಾ ಕುಡಿಯುವಾಗ ಅವನ ತುಟಿಯೂ ಅಲ್ಲಾಡಿದ್ದನ್ನು ನೀಲವ್ವ ಕಂಡಳು.

*

ಸಾಲೆ ಶುರುವಾಗಲು ಒಂದು ವಾರ ಇತ್ತು. ಕೌದಿಯ ಒಂದು ಮೂಲೆ ಮಾತ್ರ ಉಳಿದಿತ್ತು.

ನಮ್ಮ ಕಡೆ ಒಂದು ಪದ್ಧತಿ. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಡುತ್ತಾರೆ. ಕೌದಿ ಹಸಿದುಕೊಂಡು ಇರಬಾರದಂತೆ. ಹಸಿದ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲ ಅಂತ ಆಯಿ ಹೇಳುತ್ತಿದ್ದಳು.

“ಇನ್ನೇನು, ರೊಟ್ಟಿ ಇಟ್ಟು ಮುಚ್ಚಿಬಿಡು,” ಅಂದಳು ನೀಲವ್ವ.

“ಇಲ್ಲಿ ಅಜ್ಜಾರ ಕೆಂಪು ತುಂಡು ಬರಬೇಕು. ಅವರದಿಲ್ದ ಹ್ಯಾಂಗ ಮುಗೀತೈತಿ?”

ನೀಲವ್ವ ಅವಸರದಿಂದ ಟ್ರಂಕು ತೆಗೆದಳು. “ಅದನ್ನ ಕೇಳಬ್ಯಾಡ ನನ್ನವ್ವ. ತಗೊ, ನನ್ನ ಕುಪ್ಪಸ ಐತಿ, ಇದೂ ಕೆಂಪ ಐತ್ಯಲ್ಲ.”

“ಅದು ನಿಂದು. ಅಜ್ಜಾರದಲ್ಲ.”

ಬೇಡಿಕೊಂಡಳು, ಗದರಿದಳು. ಹುಡುಗಿ ಜಪ್ಪಯ್ಯ ಅನ್ನಲಿಲ್ಲ.

ಫಕೀರಪ್ಪ ಗೋಡೆಗೆ ಒರಗಿ ಕೂತಿದ್ದ. “ಮುಗೀಲಿಲ್ಲ ಅಂದ್ರ ಮುಗೀಲಿಲ್ಲ. ನನ್ನ ಮಾತು ನೆನಪೈತಲ್ಲ?” ಅಂದ. ಅಂದದ್ದೇನೋ ಬಿರುಸಾಗಿಯೇ, ದನಿಯಲ್ಲಿ ಹಿಂದಿನ ಬಿರುಸು ಇರಲಿಲ್ಲ. ಮರುದಿನ ಫಾರಮ್ಮನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಕೌದಿಯನ್ನು ತಾನೇ ಹೆಗಲ ಮೇಲೆ ಹಾಕಿಕೊಂಡು ಅವರ ಜೊತೆ ಮಠಕ್ಕೆ ಹೊರಟ.

ಅಜ್ಜಾರು ಪಡಸಾಲೆಯಲ್ಲಿ ಇತಿಹಾಸದ ಪುಸ್ತಕ ಓದುತ್ತ ಕೂತಿದ್ದರು.

“ಎರಡು ಸಲ ಓದಿದೆ,” ಅಂದರು. “ಒಂದೂ ಸುಳ್ಳಿಲ್ಲ. ಒಬ್ಬರೂ ಮನುಷ್ಯಾರಿಲ್ಲ.”

ಮುಕ್ತಾ ತನ್ನ ಕೌದಿ ಹರವಿದಳು. ಅಪ್ಪನ ಖಾಕಿ ಜೇಬಿನ ಮೇಲೆ ಬೆರಳಿಟ್ಟು ಶುರು ಮಾಡಿದಳು. ಜೇಬಿನಿಂದ ಆಯಿಯ ಸೆರಗಿಗೆ, ಸೆರಗಿನಿಂದ ಮುಳುಗಿದ ಊರಿಗೆ, ಅಲ್ಲಿಂದ ಬಸರಾಕ್ಕೆ, ಬ್ರಿಟಿಷರಿಗೆ, ಅವರಿಗಿಂತ ಹಿಂದಿನವರಿಗೆ, ಅವರಿಗೂ ಹಿಂದಿನವರಿಗೆ. ಕೊನೆಗೆ ಇದ್ದಿಲಿನ ಮನುಷ್ಯನ ಹತ್ತಿರ ಬಂದು ನಿಂತಳು. “ಇವನ ಹೆಸರು ಗೊತ್ತಿಲ್ಲ. ಇಂವ ಹೋಗಿದ್ದಕ್ಕ ದನ ಉಳದ್ವು. ದನ ಉಳದಿದ್ದಕ್ಕ ಮಂದಿ ಉಳದ್ರು. ಅವರು ಉಳದಿದ್ದಕ್ಕ ನಾವು ಅದೀವಿ.”

ಫಕೀರಪ್ಪ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.

“ಇದೊಂದು ಮೂಲಿ ಉಳದೈತಿ ಅಜ್ಜಾ,” ಅಂದಳು ಮುಕ್ತಾ. “ಇಲ್ಲಿ ನಿಮ್ಮ ಕೆಂಪು ಬೇಕು. ಕತಿ ಹೇಳಿ ಕೊಡ್ರಿ.”

ಅಜ್ಜಾರು ಹುಡುಗಿಯನ್ನು ನೋಡಲಿಲ್ಲ. ನೀಲವ್ವನನ್ನು ನೋಡಿದರು.

ನೀಲವ್ವನಿಗೆ ಅರ್ಥವಾಯಿತು. ಅವಳು ಮಗಳನ್ನು ಎಬ್ಬಿಸಿಕೊಂಡು ಹೊರಟರೆ ಸಾಕು, ಮಾತು ಅಲ್ಲಿಗೇ ನಿಲ್ಲುತ್ತದೆ. ಕಟ್ಟಳೆ ಉಳಿಯುತ್ತದೆ, ಅಜ್ಜಾರೂ ಪಾರಾಗುತ್ತಾರೆ. ಎಂಟು ವರ್ಷ ತಾನು ಸುಮ್ಮನಿದ್ದ ಹಾಗೆ.

ಅವಳು ಸೂಜಿ ತೆಗೆದುಕೊಂಡಳು. ಮೂರು ಸಲ ದಾರ ತಪ್ಪಿತು. ನಾಲ್ಕನೇ ಸಲ ಹೋಯಿತು. ಗಂಟು ಹಾಕಿ ಮಗಳ ಕೈಗೆ ಕೊಟ್ಟಳು.

ಅಜ್ಜಾರು ಒಂದು ಉಸಿರು ಬಿಟ್ಟರು.

“ನನಗ ಹನ್ನೊಂದು ವರ್ಷ ಇದ್ದಾಗ ಈ ಮಠಕ್ಕ ತಂದು ಬಿಟ್ರು. ಮುಂದ ಸ್ವಾಮಿ ಆಗಬೇಕಾದಾಂವ. ಹಡದಾಕಿ ಮೆಟ್ಟಲ ಹತ್ತಬಾರ್ದು, ಮಗಾ ಅಂತ ಕರಿಬಾರ್ದು ಅಂತ ಕಟ್ಟಳೆ. ನಮ್ಮವ್ವ ತನ್ನ ಸೀರಿ ಹರದು ಈ ಕೌದಿ ಹೊಲದು, ಅಂಬಿಗನ ಕೈಯಾಗ ಕೊಟ್ಟು ಕಳಿಸಿದ್ಲು.”

ಅಜ್ಜಾರು ಕೆಂಪು ತುಂಡನ್ನು ಸವರಿದರು.

“ಪ್ರತಿ ವರ್ಷ ಕಾರ್ತಿಕದ ಕಡೀ ಸೋಮಾರ ಆಚಿ ದಂಡಿಗೆ ಬಂದು ಕೂಡತಿದ್ಲು. ದೂರದಿಂದ ನನಗ ಕಾಣ್ಲಿ ಅಂತ ಕೆಂಪು ಸೀರಿ ಉಟ್ಕೊಂಡು.”

“ಕೆಂಪಜ್ಜಿ!” ಅಂದಳು ನೀಲವ್ವ. ಬಾಯಿಯಿಂದ ತಾನಾಗಿ ಬಂದಿತ್ತು.

“ಹೂಂ. ನಿಮ್ಮ ಕೆಂಪಜ್ಜಿ. ನಾ ಸ್ವಾಮಿ ನೋಡು, ಕೈ ಎತ್ತೂ ಹಂಗಿರಲಿಲ್ಲ. ಹುಡುಗ್ರು ಎತ್ತಿದ್ರ ಯಾರು ಏನಂತಾರ? ಅದಕ್ಕ ಆ ದಿನ ನಿಮ್ಮನ್ನ ಹೊಳಿಗೆ ಇಳಿಸಿ ಪಾಠ ಹೇಳಸ್ತಿದ್ದೆ. ಒಂದ ದಿನ ಇಟ್ರ ಯಾರರ ಯಾಕ ಅಂತ ಕೇಳ್ಯಾರು ಅಂತ, ದಿನಾ ಇಟ್ಟೆ.”

ನೀಲವ್ವ ಮಗಳನ್ನು ಹತ್ತಿರ ಎಳೆದುಕೊಂಡಳು. ನೀರಲ್ಲಿ ನಿಂತರೆ ಪಾಠ ಗಟ್ಟಿಯಾಗುತ್ತದೆ ಅಂತ ನಂಬಿದ್ದಳಲ್ಲ! ಅದನ್ನು ನಂಬಿ ಮಗಳಿಗೆ ಜ್ವರ ತರಿಸಿದ್ದಳಲ್ಲ! ಅವಳಿಗೆ ನಗುವೂ ಬಂತು, ಅಳುವೂ ಬಂತು. ಕೊನೆಗೊಂದು ವರ್ಷ ಕೆಂಪಜ್ಜಿ ಬಂದಿರಲಿಲ್ಲ, ಆಮೇಲೆ ಬರಲೇ ಇಲ್ಲ. ಅವತ್ತು ಅಜ್ಜಾರು ಮಧ್ಯಾಹ್ನದ ತನಕ ಅವರನ್ನು ನೀರಲ್ಲೇ ನಿಲ್ಲಿಸಿ ಪಟ್ಟಿಯನ್ನು ಮತ್ತೆ ಮತ್ತೆ ಹೇಳಿಸಿದ್ದರು. ಸಿಟ್ಟು ಬಂದಿದೆ ಅಂತ ಹುಡುಗರು ಅಂದುಕೊಂಡಿದ್ದರು.

“ನೀ ಎಲ್ಲಾರಕಿಂತ ಜೋರಾಗಿ ಕೈ ಬೀಸತಿದ್ದಿ ನೀಲವ್ವ,” ಅಂದರು ಅಜ್ಜಾರು. “ಆಕಿ ವರ್ಷವೆಲ್ಲ ಅದರ ಮ್ಯಾಲೆ ಬದುಕ್ಯಾಳ. ನಿನಗ ಶರಣು ಹೇಳೂದು ನನಗ ಉಳಕೊಂಡಿತ್ತು.”

ಅವರು ಎರಡೂ ಕೈ ಜೋಡಿಸಿ ಶಿಷ್ಯೆಗೆ ಮುಗಿದರು. ನೀಲವ್ವ ಅವರ ಪಾದದ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು.

ಅಜ್ಜಾರು ಕತ್ತರಿ ತರಿಸಿ, ಕೆಂಪು ತುಂಡಿನಲ್ಲಿ ಅಂಗೈಯಗಲ ಕತ್ತರಿಸಿ ಮುಕ್ತಾಗೆ ಕೊಟ್ಟರು. ಹುಡುಗಿ ಬುತ್ತಿಯ ಗಂಟು ಬಿಚ್ಚಿ ಒಂದು ಚೂರು ರೊಟ್ಟಿ ಮುರಿದಳು.

“ತಡಿ,” ಅಂದ ಫಕೀರಪ್ಪ. ಜೇಬಿನಿಂದ ಹಾಸ್ಟೆಲ್ಲಿನ ಫಾರಂ ತೆಗೆದು, ರೊಟ್ಟಿಯ ಚೂರನ್ನು ಅದರಲ್ಲಿ ಸುತ್ತಿ, ಕೌದಿಯ ಮೂಲೆಯೊಳಗೆ ತಾನೇ ಇಟ್ಟ.

“ಇದರ ಕತಿ ಏನಪ್ಪಾ?”

“ನಮ್ಮಪ್ಪ ಒಂದು ತಪ್ಪು ಮಾಡಾಂವಿದ್ದ, ಮಾಡಲಿಲ್ಲ ಅಂತ ಹೇಳು.”

ಮುಕ್ತಾ ನಕ್ಕಳು. ಕೆಂಪು ತುಂಡನ್ನು ಮೂಲೆಯ ಮೇಲೆ ಹರವಿ, ಸೂಜಿ ಚುಚ್ಚಲು ಹೋದವಳು ನಿಂತಳು.

“ಅಜ್ಜಾ, ಹೆಸರು ಹೇಳಲೇ ಇಲ್ಲ. ಹೆಸರಿಲ್ದ ಹ್ಯಾಂಗ ಹೊಲೀಲಿ?”

ಅಜ್ಜಾರು ಆಚೆ ದಂಡೆಯ ಚಪ್ಪಟೆ ಕಲ್ಲಿನ ಕಡೆ ನೋಡಿದರು. ಬಲಗೈಯನ್ನು ಮೆಲ್ಲಗೆ ಮೇಲೆತ್ತಿದರು. ಎತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ಹೇಳಿದರು:

“ಸಣ್ಣ ಹೊಲಿಗಿ ಹಾಕು ಮಗಳ. ನಮ್ಮವ್ವನ ಹೆಸರು ಸಾವಂತ್ರವ್ವ.”